ದಾಕ್ಷಾಯಿಣಿಯ ತಟ್ಟೆ

ಹೀರೇಕಾಯಿ ಬೇಯುವ ಹೊತ್ತಿಗೆ ನಾನು ಮನೆಯಿಂದ ಹೊರಗಿರಬೇಕು. ಇದು ನಮ್ಮವ್ವ ಹಾಕಿದ ಕಟ್ಟಳೆ. ಸೊಪ್ಪಿನ ದಿನವೂ ಅಷ್ಟೆ, ಪಡವಲಕಾಯಿಯ ದಿನವೂ ಅಷ್ಟೆ, ಹಾಗಲಕಾಯಿಯ ದಿನವಂತೂ ಬೀದಿಯ ಕೊನೆ ದಾಟಿಯೇ ನಿಲ್ಲಬೇಕು. ಸಂಜೆ ನಾನು ಚಪ್ಪಲಿ ಮೆಟ್ಟಿ ಹೊರಟರೆ ಎದುರು ಮನೆಯವರು ಎಲ್ಲಿಗೆ ಹೊರಟಿರಿ ಎಂದು ಕೇಳುವುದಿಲ್ಲ, ಇವತ್ತು ಯಾವ ತರಕಾರಿ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ, ಅವರು ನಗುತ್ತಾರೆ. ಹಾಗೆ ನಗುವ ಯಜಮಾನರು ತಮ್ಮ ಮಗ ಚಿಕ್ಕವನಿದ್ದಾಗ ಕುಂಬಳಕಾಯಿಯ ದೆಸೆಯಿಂದ ಮಳೆಯಲ್ಲಿ ಛತ್ರಿ ಹಿಡಿದು ಇದೇ ಬೀದಿಯಲ್ಲಿ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮೂರಿನಲ್ಲಿ ಮೂರು ವರ್ಷ ತುಂಬುವ ತನಕ ಮಕ್ಕಳಿಗೆ ಸ್ವಂತ ರುಚಿ ಇರುವುದಿಲ್ಲ. ನಾಲಿಗೆ ಇರುತ್ತದೆ, ಅದನ್ನು ಚಾಚಿ ಹಿರಿಯರನ್ನು ಅಣಕಿಸಲೂ ಬರುತ್ತದೆ. ಆದರೆ ಬಾಯಿಗೆ ಹಾಕಿದ ತುತ್ತು ಹೇಗಿದೆ ಎಂದು ಅವಕ್ಕೆ ತಿಳಿಸುವುದು ಅಪ್ಪ ಅಮ್ಮನ ನಾಲಿಗೆ. ಒಂದೇ ಸೂರಿನ ಕೆಳಗೆ ಇಬ್ಬರೂ ಇದ್ದರೆ ಯಾರ ಇಷ್ಟಾನಿಷ್ಟ ಜೋರೋ ಅವರದು ನಡೆಯುತ್ತದೆ. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರದು. ಅಜ್ಜಿ, ಸೋದರಮಾವ, ದೊಡ್ಡಪ್ಪ ಇವರ ರುಚಿ ಲೆಕ್ಕಕ್ಕಿಲ್ಲ. ಮೂರನೆಯ ಹುಟ್ಟುಹಬ್ಬದ ಬೆಳಗ್ಗೆ ನಡೆಯುವುದನ್ನು ನಾಲಿಗೆ ಬಿಡಿಸುವುದು ಎನ್ನುತ್ತೇವೆ. ಅಂದಿನಿಂದ ಮಗುವಿನ ರುಚಿ ಮಗುವಿನದು. ಆದರೆ ಅಷ್ಟರೊಳಗೆ ಯಾವುದು ಒಳಗೆ ಇಳಿದಿರುವುದಿಲ್ಲವೋ ಅದನ್ನು ಆಮೇಲೆ ಇಳಿಸುವುದು ಬಲು ಕಷ್ಟ. ಇದಕ್ಕೆ ನಾನೇ ಸಾಕ್ಷಿ. ನಮ್ಮಪ್ಪ ಸೊಪ್ಪನ್ನು ದನದ ಮೇವು ಎನ್ನುತ್ತಿದ್ದರು, ಮತ್ತು ಊಟದ ಹೊತ್ತಿಗೆ ಹೊರಗೆ ಹೋಗಿ ಎಂದು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ನಾನು ಮಾತ್ರ ಇವತ್ತಿಗೂ ಸೊಪ್ಪು ಕಂಡರೆ ಮಾರು ದೂರ ಸರಿಯುತ್ತೇನೆ.

ಹೀಗಿರುವುದರಿಂದ ನಮ್ಮಲ್ಲಿ ಸಂಬಂಧ ಕುದುರಿಸುವಾಗ ಜಾತಕಕ್ಕಿಂತ ಮೊದಲು ಗಂಡಿನ ತಟ್ಟೆ ನೋಡುತ್ತಾರೆ. ಹುಡುಗ ಊಟ ಮಾಡಿ ಎದ್ದ ಮೇಲೆ ತಟ್ಟೆಯ ಅಂಚಿನಲ್ಲಿ ಏನೇನು ಸರಿಸಿಟ್ಟಿದ್ದಾನೆ ಎಂದು ಹೆಣ್ಣಿನ ಕಡೆಯ ಹಿರಿಯರು ಬಗ್ಗಿ ಪರೀಕ್ಷಿಸುತ್ತಾರೆ. ನನ್ನ ತಟ್ಟೆಯಲ್ಲಿ ಅಂಚೇ ಕಾಣುತ್ತಿರಲಿಲ್ಲವಂತೆ, ಅಷ್ಟು ಸರಿಸಿಟ್ಟಿದ್ದೆ. ಆದರೂ ನನ್ನ ಹೆಂಡತಿ ದಾಕ್ಷಾಯಿಣಿಯ ಅಪ್ಪ ಹುಡುಗನಿಗೆ ಸ್ವಂತ ಅಂಗಡಿ ಇದೆ ಎಂದು ಕಣ್ಣು ಮುಚ್ಚಿ ಒಪ್ಪಿಕೊಂಡರು. ಹೆಣ್ಣಿಗೆ ಈ ಪರೀಕ್ಷೆ ಇಲ್ಲ. ಹೆಣ್ಣುಮಕ್ಕಳು ಎಲ್ಲವನ್ನೂ ತಿನ್ನುತ್ತಾರೆ ಎಂಬುದು ಊರಿನ ನಂಬಿಕೆ, ಅದನ್ನು ಯಾರೂ ಕೂತು ನೋಡಿದವರಲ್ಲ.

ನನ್ನದು ಖಾರದ ಅಂಗಡಿ. ಪೇಟೆಬೀದಿಯಲ್ಲಿ ಪುಟ್ಟರುದ್ರಪ್ಪನ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಖಾರಾಸೇವೆ, ಓಂಪುಡಿ, ಕೋಡುಬಳೆ, ನಿಪ್ಪಟ್ಟು, ಎಲ್ಲ ಮನೆಯಲ್ಲೇ ಕಲಸಿದ ಹಿಟ್ಟು, ಅಂಗಡಿಯಲ್ಲೇ ಕರಿದದ್ದು. ಕಲಸುವವಳು ದಾಕ್ಷಾಯಿಣಿ, ಕರಿಯುವವನು ನಾನು, ರುಚಿ ನೋಡುವವನೂ ನಾನೇ. ರುಚಿ ನೋಡುತ್ತಾ ನೋಡುತ್ತಾ ನನ್ನ ಹೊಟ್ಟೆ ಬಾಣಲೆಯ ಆಕಾರಕ್ಕೆ ಬಂದಿದೆ. ಮನೆಯಲ್ಲಿ ಮೊಸರನ್ನಕ್ಕೆ ಖಾರಾಸೇವೆ ಉದುರಿಸಿಕೊಂಡು ಉಂಡರೆ ನನಗೆ ಅದೇ ಹಬ್ಬ. ನಮ್ಮ ಮಗಳು ದವನಳಿಗೂ ಅದೇ ಹಬ್ಬವಾಯಿತು. ಎರಡೂವರೆ ವರ್ಷದ ಕೂಸು ನಿಪ್ಪಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡು ಕಡಿಯುವುದನ್ನು ನೋಡಿ ಗಿರಾಕಿಗಳು ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮೊದಮೊದಲು ನಾನೂ ಹಿಗ್ಗಿದೆ.

ಹಿಗ್ಗು ಇಳಿದದ್ದು ಅಂಗನವಾಡಿಯಲ್ಲಿ. ಟೀಚರ್ ದವನಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡಿದರು. ಹಸಿರಿನಲ್ಲಿ ನಿಲ್ಲಬೇಕಾದದ್ದು ಹಳದಿಯಲ್ಲಿ ನಿಂತಿತು. ಕೆಳಗಿನ ರೆಪ್ಪೆ ಎಳೆದು ನೋಡಿ ರಕ್ತ ಕಡಿಮೆ ಎಂದರು. ಅವಳ ವಾರಿಗೆಯ ಮಕ್ಕಳು ಅಂಗಳದಲ್ಲಿ ಓಡುತ್ತಿದ್ದರೆ ದವನ ಗೋಡೆಗೆ ಒರಗಿ ಕೂತು ಅವರನ್ನೇ ನೋಡುತ್ತಿದ್ದಳು. ನಾನು ಅದನ್ನು ಜಾಣತನ ಎಂದುಕೊಂಡಿದ್ದೆ. ಅದು ಜಾಣತನವಲ್ಲ, ಸುಸ್ತು ಎಂದರು ಟೀಚರ್. ಸೊಪ್ಪು, ಕಾಳು, ರಾಗಿ, ತರಕಾರಿ ಒಳಗೆ ಹೋಗಲೇಬೇಕು, ಖಾರಾಸೇವೆಯಿಂದ ಮಗು ಬೆಳೆಯುವುದಿಲ್ಲ ಎಂದು ಅವರು ಹೇಳಿದರು. ಮೂರನೆಯ ಹುಟ್ಟುಹಬ್ಬಕ್ಕೆ ಉಳಿದಿದ್ದದ್ದು ಕೆಲವೇ ತಿಂಗಳು. ಅಷ್ಟರಲ್ಲಿ ಆಗದಿದ್ದರೆ ಅವಳೂ ನನ್ನಂತೆ ಆಯುಷ್ಯವಿಡೀ ತಟ್ಟೆಯ ಅಂಚಿಗೆ ಸರಿಸುತ್ತಾ ಕೂರುತ್ತಾಳೆ. ನನ್ನಂತೆ ಹೊಟ್ಟೆ ಬಂದರೂ ಚಿಂತೆಯಿಲ್ಲ, ಈ ಸುಸ್ತು ಅವಳಲ್ಲೇ ನಿಂತುಬಿಟ್ಟರೆ ಏನು ಮಾಡುವುದು ಎಂದು ಭಯವಾಯಿತು.

ಮನೆಗೆ ಬಂದವನೇ ಸೊಪ್ಪು ಇಷ್ಟಪಡುವುದೆಂದು ನಿಶ್ಚಯ ಮಾಡಿದೆ. ಎಳೆಯ ದಂಟಿನ ಸೊಪ್ಪಿನ ಪಲ್ಯ ಮಾಡಿಸಿಕೊಂಡು ದವನಳನ್ನು ಎದುರಿಗೆ ಕೂರಿಸಿ ಒಂದು ತುತ್ತು ನನಗೆ, ಒಂದು ತುತ್ತು ಅವಳಿಗೆ. ನಾನು ನಗುನಗುತ್ತಾ ಅಗಿದೆ. ದವನ ನನ್ನ ನಗು ನೋಡಿ ತಾನೂ ನಕ್ಕಳು, ನಗುತ್ತಲೇ ಥೂ ಎಂದು ನನ್ನ ಅಂಗಿಯ ಮೇಲೆ ಉಗಿದಳು. ಮುಖಕ್ಕೆ ನಾಟಕ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ಕೊಬ್ಬರಿ ಹಾಕಿಸಿ ನೋಡಿದೆ, ಬೆಲ್ಲ ಹಾಕಿಸಿ ನೋಡಿದೆ, ಕೊನೆಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದೂ ನೋಡಿದೆ. ಕರಿದದ್ದನ್ನು ಅಪ್ಪ ಮಗಳು ಇಬ್ಬರೂ ಚಪ್ಪರಿಸಿ ತಿಂದೆವು, ಒಳಗಿನ ಸೊಪ್ಪನ್ನು ಇಬ್ಬರೂ ಬಿಡಿಸಿ ಪಕ್ಕಕ್ಕಿಟ್ಟೆವು.

ಆಗ ಅವ್ವ ನನ್ನನ್ನು ಹೊರಗೆ ಹಾಕಿದಳು. ಊರಿನ ಕ್ರಮವೇ ಅದು. ಸಂಜೆಯಾದರೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಹೀಗೆ ಹೊರಬಿದ್ದ ಅಪ್ಪಂದಿರು ಸಾಲಾಗಿ ಕೂತಿರುತ್ತಾರೆ. ಬದನೆಕಾಯಿಯವರು ಒಂದು ಕಡೆ, ಸೊಪ್ಪಿನವರು ಒಂದು ಕಡೆ. ದರ್ಜಿ ತಿಪ್ಪೇಸ್ವಾಮಿ ಅವರೆಲ್ಲರಿಗೂ ಹಿರಿಯ, ಅವನಿಗೆ ನಾಲ್ಕು ಮಕ್ಕಳು, ಬದನೆಕಾಯಿಯ ಮೇಲೆ ಅಪಾರ ದ್ವೇಷ. ಕಟ್ಟೆಯಲ್ಲಿ ಅವನು ಕೂರುವ ಜಾಗ ನುಣ್ಣಗೆ ಸವೆದಿದೆ. ನನ್ನ ಅಂಗಡಿಯ ಒಳ್ಳೆಯ ವ್ಯಾಪಾರವೂ ಅದೇ ಹೊತ್ತಿನಲ್ಲಿ ಅದೇ ಕಟ್ಟೆಯ ಮೇಲೆ ಆಗುತ್ತಿತ್ತು ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಮಕ್ಕಳು ಒಳ್ಳೆಯದನ್ನು ತಿನ್ನಲಿ ಎಂದು ಮನೆ ಬಿಟ್ಟು ಬಂದವರು ಪೊಟ್ಟಣಗಟ್ಟಲೆ ಖಾರ ತಿನ್ನುತ್ತಾ ಕೂರುತ್ತಿದ್ದರು.

ನಾನು ಹೊರಗೆ ಬಂದ ಮೇಲೆ ದವನ ಉಗಿಯುವುದನ್ನು ಬಿಟ್ಟಳು. ಆದರೆ ನುಂಗಲೂ ಇಲ್ಲ. ದಾಕ್ಷಾಯಿಣಿ ಹಾಕಿದ ತುತ್ತನ್ನು ಕೆನ್ನೆಯೊಳಗೆ ಇಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದಳು. ಅಳುವುದಿಲ್ಲ, ಹಟವಿಲ್ಲ, ಮುಖ ಕಿವುಚುವುದಿಲ್ಲ. ಬಾಯಲ್ಲಿ ಏನೋ ಇದೆ ಎಂಬುದೇ ಅವಳಿಗೆ ಮರೆತುಹೋದಂತೆ ಇರುತ್ತಿದ್ದಳು. ನಾನು ಮರಳಿ ಬಂದಾಗಲೂ ಎಡಗೆನ್ನೆ ಉಬ್ಬಿಯೇ ಇರುತ್ತಿತ್ತು. ಇದೇನು ಹೊಸದಲ್ಲ. ನಮ್ಮೂರಿನ ಮಕ್ಕಳು ಕೆನ್ನೆಯಲ್ಲಿ ಅನ್ನ ಇಟ್ಟುಕೊಳ್ಳುವುದಕ್ಕೆ ಹೆಸರುವಾಸಿ. ಫೋಟೋ ತೆಗೆಯುವವರು ಮೊದಲು ನುಂಗು ಎಂದು ಹೇಳಿ ಆಮೇಲೆ ತೆಗೆಯುತ್ತಾರೆ. ಅಪ್ಪ ಇನ್ನೂ ಸಾಕಷ್ಟು ದೂರ ಹೋಗಿಲ್ಲ ಎಂಬುದೇ ಇದಕ್ಕೆ ಊರಿನವರು ಕೊಡುವ ಕಾರಣ.

ಅವ್ವನೂ ಅದನ್ನೇ ಹೇಳಿದಳು. ನನ್ನ ಅಂಗಿಗಳನ್ನು ಒಗೆಸಿ ಬೇರೆ ಕಡೆ ಇರಿಸಿದಳು, ನಾನು ಕೂರುವ ಮಣೆಯನ್ನು ಅಟ್ಟಕ್ಕೆ ಹಾಕಿಸಿದಳು. ಕಟ್ಟೆಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಊರ ಹೊರಗಿನ ಸೇತುವೆಗೆ ನನ್ನನ್ನು ದೂರ ದೂರ ಅಟ್ಟಿದಳು. ದವನಳ ಕೆನ್ನೆ ಉಬ್ಬಿದ್ದು ಉಬ್ಬಿದಂತೆಯೇ ಇತ್ತು. ಕೊನೆಗೆ ಒಂದು ದಿನ ಅವ್ವ ನನ್ನ ಬಟ್ಟೆಬರೆ ಚೀಲಕ್ಕೆ ತುಂಬಿ ಬಾಗಿಲಲ್ಲಿ ಇಟ್ಟಳು.

"ನೀನು ಈ ಊರಲ್ಲೇ ಇರಬೇಡ ಕಣಪ್ಪ. ಒಂದಷ್ಟು ದಿನ ಗೌರಕ್ಕನ ಮನೇಗೆ ಹೋಗಿರು. ನಿನ್ ನಾಲಿಗೆ ಎಂಥದೋ ಏನೋ, ಬೀದಿ ದಾಟಿ ಬರ್ತದೆ."

ಗೌರಕ್ಕ ನನ್ನ ಸ್ವಂತ ಅಕ್ಕ. ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದೇವೆ. ಅಲ್ಲಿ ಮಕ್ಕಳು ಹುಟ್ಟುವಾಗಲೇ ಸ್ವಂತ ರುಚಿ ತಂದುಕೊಂಡು ಬರುತ್ತವೆ, ಹಾಗಾಗಿ ಯಾರೂ ಯಾರನ್ನೂ ಹೊರಗೆ ಹಾಕುವುದಿಲ್ಲ. ಅಂಗಡಿಗೆ ಬೀಗ ಹಾಕಿ, ದೇಶಾಂತರ ಹೊರಟವನ ಹಾಗೆ ಮುಖ ಮಾಡಿಕೊಂಡು ಬಸ್ ಹತ್ತಿದೆ. ಅಕ್ಕನಿಗೆ ನನ್ನನ್ನು ನೋಡಿದ ಕೂಡಲೇ ನಗು. ಹೀರೇಕಾಯಿಗೆ ಹೆದರಿ ಊರು ಬಿಟ್ಟ ಗಂಡಸು ನೀನೊಬ್ಬನೇ ಇರಬೇಕು ಎಂದು ನೆರೆಯವರಿಗೆಲ್ಲ ಕರೆದು ಕರೆದು ತೋರಿಸಿದಳು. ಪ್ರತಿ ಸಂಜೆ ಮನೆಗೆ ಫೋನ್ ಮಾಡುತ್ತಿದ್ದೆ. ಕೆನ್ನೆ ಹೇಗಿದೆ ಎಂದು ಕೇಳಿದರೆ ಹಾಗೇ ಇದೆ ಎಂದು ದಾಕ್ಷಾಯಿಣಿ ಹೇಳುತ್ತಿದ್ದಳು. ಹಿಂದಿನಿಂದ ಅವ್ವನ ದನಿ, ಇನ್ನೂ ಆ ಕಡೆಗೆ ಯಾವುದಾದರೂ ಊರಿದೆಯಾ ಕೇಳು ಎಂದು.

ಅಕ್ಕನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಭಾವ, ಇಬ್ಬರು ಮಕ್ಕಳು, ಅಕ್ಕ. ಪಾತ್ರೆಗಳೆಲ್ಲ ನಡುವೆ ಇರುತ್ತವೆ, ಯಾರಿಗೆ ಏನು ಬೇಕೋ ಅವರು ಬಡಿಸಿಕೊಳ್ಳುತ್ತಾರೆ. ಒಂದು ದಿನ ಅಕ್ಕ ಕುಂಬಳಕಾಯಿಯ ಗೊಜ್ಜು ಮಾಡಿದ್ದಳು. ನಾನು ಎಂದಿನಂತೆ ಮೊಸರನ್ನದ ಕಡೆ ಕೈ ಚಾಚುವಾಗ ಅಕ್ಕನನ್ನು ನೋಡಿದೆ. ಮುದ್ದೆಯನ್ನು ಮುರಿದು ಗೊಜ್ಜಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಇವತ್ತು ಹುಣಿಸೆಹಣ್ಣು ಸರಿಯಾಗಿ ಬಿದ್ದಿದೆ ಎಂದು ತನ್ನಷ್ಟಕ್ಕೇ ಹೇಳಿಕೊಂಡಳು, ಇನ್ನೊಂದು ಸೌಟು ಹಾಕಿಕೊಂಡಳು, ಬೆರಳು ನೆಕ್ಕಿದಳು. ನಾನು ಕೈ ಚಾಚಿದವನು ಹಾಗೇ ಕೂತೆ. ನಮ್ಮಕ್ಕ ಊಟ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ಒಂದೇ ಮನೆಯಲ್ಲಿ ಬೆಳೆದವರು ನಾವು. ನಾನು ಉಂಡು ಎದ್ದು ಆಡಲು ಓಡುವಾಗ ಅವಳು ಬಡಿಸುತ್ತಾ ನಿಂತಿರುತ್ತಿದ್ದಳು, ಅಷ್ಟೇ ನನಗೆ ನೆನಪು. ನಮ್ಮ ಮನೆಯಲ್ಲಿ ನಿನಗೆ ಏನು ಇಷ್ಟವಿತ್ತು ಎಂದು ಕೇಳಿದೆ. ಅಕ್ಕ ಇನ್ನೊಂದು ತುತ್ತು ಮುರಿದಳು.

"ಅಲ್ಲಿ ಉಂಡಿದ್ದು ನೆನಪೇ ಇಲ್ಲ ಕಣೋ. ಹಸಿವು ಹೋಗ್ತಿತ್ತು, ಅಷ್ಟೇ."

ಕೈ ತೊಳೆಯುವಾಗ ನನ್ನ ತಲೆಯೊಳಗೆ ಒಂದು ವಿಷಯ ಕೂತಿತು. ನಾನು ಇರುವುದು ಹೊಳೆಯಾಚೆ. ನನ್ನ ನಾಲಿಗೆಗೆ ಎಷ್ಟೇ ಪೊಗರಿದ್ದರೂ ಹೊಳೆ ದಾಟಿ ಹೋಗಿ ಮಗಳ ಬಾಯಲ್ಲಿ ಕೂರಲಾರದು. ಹಾಗಾದರೆ ದವನಳ ಬಾಯಲ್ಲಿ ಈಗ ಇರುವುದು ದಾಕ್ಷಾಯಿಣಿಯ ರುಚಿ. ಆ ರುಚಿ ಎಂಥದು? ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹೆಂಡತಿ ಕೂತು ಉಣ್ಣುವುದನ್ನು ನಾನು ನೋಡಿರಲಿಲ್ಲ.

ಅಂಗಡಿ ತೆರೆಯುತ್ತೇನೆಂದು ಮನೆಗೆ ಫೋನ್ ಮಾಡಿ ಮರುದಿನವೇ ವಾಪಸು ಬಂದೆ. ಮನೆಗೆ ಹೋಗುವ ಮೊದಲು ಟ್ಯಾಂಕಿನ ಕಟ್ಟೆಯ ಹತ್ತಿರ ಇಳಿದು ತಿಪ್ಪೇಸ್ವಾಮಿಯನ್ನು ಕೇಳಿದೆ, ನಿನ್ನ ಹೆಂಡತಿಗೆ ಯಾವ ಅಡುಗೆ ಇಷ್ಟ ಎಂದು. ಅವನು ಬದನೆಕಾಯಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಎಂದ. ಅದು ನಿನಗೆ ಎಂದೆ. ಹೌದಲ್ಲ ಎಂದು ತಲೆ ಕೆರೆದುಕೊಂಡು ಪಕ್ಕದವನನ್ನು ಕೇಳಿದ, ಪಕ್ಕದವನು ಅವನ ಪಕ್ಕದವನನ್ನು ಕೇಳಿದ. ಪ್ರಶ್ನೆ ಕಟ್ಟೆಯ ಕೊನೆಯವರೆಗೆ ಹೋಗಿ ಉತ್ತರವಿಲ್ಲದೆ ಹಿಂದಕ್ಕೆ ಬಂತು. ಅಷ್ಟೂ ಜನ ತಮ್ಮ ತಮ್ಮ ನಾಲಿಗೆ ದೊಡ್ಡದು ಎಂದು ವರ್ಷಗಟ್ಟಲೆ ಅಲ್ಲಿ ಕೂತವರು.

ಮನೆಯಲ್ಲಿ ಹಿಂದಿನ ಬಾಗಿಲಿನಿಂದ ಬಂದೆ. ದವನಳ ಊಟ ಮುಗಿದಿತ್ತು, ಎಂದರೆ ಕೆನ್ನೆ ಉಬ್ಬಿಸಿಕೊಂಡು ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ದಾಕ್ಷಾಯಿಣಿ ಅಡುಗೆಮನೆಯಲ್ಲಿ ಒಲೆಯ ಪಕ್ಕ ನಿಂತಿದ್ದಳು. ಮಗು ಬಿಟ್ಟ ತುತ್ತು, ಬೆಳಗಿನ ಅನ್ನ, ಪಾತ್ರೆಯ ತಳದಲ್ಲಿದ್ದ ಸಾರು, ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದುಕೊಂಡು ಬಿಸಿ ಕೂಡ ಮಾಡದೆ ಗಬಗಬನೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಕೈ ನಾಳೆಯ ಕಡಲೆಹಿಟ್ಟಿನ ಡಬ್ಬದ ಮೇಲೆ. ಊಟ ಶುರುವಾದದ್ದು ಯಾವಾಗ, ಮುಗಿದದ್ದು ಯಾವಾಗ ಎಂದು ತಿಳಿಯುವಷ್ಟರಲ್ಲಿ ತಟ್ಟೆ ತೊಳೆದಾಗಿತ್ತು. ಆ ತಟ್ಟೆಯಿಂದ ಮಗಳ ನಾಲಿಗೆಗೆ ದಾಟುವುದಕ್ಕೆ ಏನೂ ಇರಲಿಲ್ಲ. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು.

ನಿನಗೆ ಏನು ಇಷ್ಟ ಎಂದು ಕೇಳಿದೆ. ಅವಳಿಗೆ ರೇಗಿತು.

"ಉಳಿದಿದ್ದು ತಿಂತೀನಿ, ಅದ್ರಲ್ಲಿ ಇಷ್ಟ ಎಲ್ಲಿಂದ ಬಂತು? ಮಗೂದು ಸಾಲ್ದು ಅಂತ ಈಗ ನನ್ ನಾಲಿಗೇನೂ ಪರೀಕ್ಷೆ ಮಾಡ್ಬೇಕಾ?"

ಆಮೇಲೆ ಹಿಟ್ಟು ಜರಡಿ ಹಿಡಿಯುತ್ತಾ ಮೆಲ್ಲಗೆ ತಾನೇ ಹೇಳಿದಳು. ತವರಿನಲ್ಲಿ ದಂಟಿನ ಸೊಪ್ಪಿನ ಬಸ್ಸಾರು ಮಾಡುತ್ತಿದ್ದರಂತೆ. ಬೇಯಿಸಿದ ಸೊಪ್ಪು ಬೇಳೆ ಬಸಿದು ಪಲ್ಯ, ಬಸಿದ ಕಟ್ಟಿನ ನೀರಿಗೆ ಖಾರ ರುಬ್ಬಿ ಹಾಕಿ ಸಾರು, ಬೆಳ್ಳುಳ್ಳಿ ಜಾಸ್ತಿ, ಜೊತೆಗೆ ಬಿಸಿ ಮುದ್ದೆ. ಚಿಕ್ಕವಳಿದ್ದಾಗ ಬಹಳ ಇಷ್ಟವಿತ್ತು ಎಂದು ನೆನಪು, ರುಚಿ ಹೇಗಿತ್ತು ಎಂದು ಮರೆತುಹೋಗಿದೆ ಎಂದಳು. ಜಗತ್ತಿನಲ್ಲಿ ಅಷ್ಟೊಂದು ಅಡುಗೆ ಇರುವಾಗ ಸೊಪ್ಪಿನದೇ ನೆನಪಾಗಬೇಕೇ ಎಂದು ನನಗೆ ಅನ್ನಿಸಿತು.

ಇನ್ನು ಮೇಲೆ ಸಂಜೆಯ ಊಟಕ್ಕೆ ಮೊದಲು ಕೂರುವುದು ದಾಕ್ಷಾಯಿಣಿ, ಬಿಸಿಬಿಸಿಯಾಗಿ, ದವನಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದೇ ತಟ್ಟೆಯಲ್ಲಿ. ಹೀಗೆಂದು ಅವ್ವನಿಗೆ ಹೇಳಿದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಸೊಸೆ ಮೊದಲು ಉಂಡು ಅತ್ತೆ ಬಡಿಸುವ ಮನೆ ಎಲ್ಲಾದರೂ ಉಂಟೇ, ಊರವರು ಏನೆಂದಾರು, ಇದೆಲ್ಲ ಹೊಳೆಯಾಚೆಯ ನೀರಿನ ಗುಣ ಎಂದು ಗೊಣಗಿದಳು. ಮಗುವಿಗಾಗಿ ಎಂದು ನಾನು ಕೈ ಮುಗಿದೆ. ಮಗುವಿಗಾಗಿ ಎಂದರೆ ಅವ್ವ ಸುಮ್ಮನಾಗುತ್ತಾಳೆ. ಬಸ್ಸಾರು ಅವ್ವನೇ ಮಾಡಿದಳು, ತಟ್ಟೆ ಇಟ್ಟು ಬಡಿಸಿದ್ದು ನಾನು. ಬಡಿಸಿದ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ ಓಡಬೇಕಾಯಿತು, ಏಕೆಂದರೆ ಸೊಪ್ಪಿನ ವಾಸನೆಗೆ ನನ್ನ ಮುಖ ಆಗಲೇ ಒಂದು ಥರ ಆಗುತ್ತಿತ್ತು.

ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ. ದಾಕ್ಷಾಯಿಣಿಗೆ ಕೂರುವುದು ಬರುತ್ತಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟರೆ ಹಾಲು ಉಕ್ಕೀತೆಂದು ಏಳುವಳು, ಇನ್ನೊಂದು ತುತ್ತಿಗೆ ಹಿಟ್ಟಿನ ಡಬ್ಬ ಮುಚ್ಚಿಲ್ಲವೆಂದು ಏಳುವಳು. ಅತ್ತೆ ನಿಂತು ಬಡಿಸುವಾಗ ತಾನು ಕೂತಿರುವುದು ಮುಳ್ಳಿನ ಮೇಲೆ ಕೂತಂತೆ ಎಂದು ಹೇಳಿಕೊಂಡಳು. ಹೇಗಿದೆ ಎಂದು ಅವ್ವ ಕೇಳಿದರೆ ಚೆನ್ನಾಗಿದೆ ಎಂದು ತಲೆ ತಗ್ಗಿಸಿ ಹೇಳುವಳು. ದವನಳ ಕೆನ್ನೆ ಉಬ್ಬಿಯೇ ಇರುತ್ತಿತ್ತು. ಹುಟ್ಟುಹಬ್ಬ ಹತ್ತಿರವಾಗುತ್ತಿತ್ತು, ನನಗೆ ಅಂಗಡಿಯಲ್ಲಿ ಕೈ ಓಡುತ್ತಿರಲಿಲ್ಲ. ಒಂದು ಬಾಣಲೆ ಓಂಪುಡಿ ಸೀದುಹೋದದ್ದನ್ನು ಕಟ್ಟೆಯವರು ಹೊಸ ರುಚಿ ಎಂದು ಕೊಂಡು ತಿಂದರು.

ಒಂದು ಸಂಜೆ ನಾನು ಕಟ್ಟೆಯಿಂದ ಮರಳಿದಾಗ ಅವ್ವ ಜಗುಲಿಯಲ್ಲಿ ಸೆರಗು ಬಿಗಿದುಕೊಂಡು ನಿಂತಿದ್ದಳು. ಮುಖ ಕೆಂಪಗಾಗಿತ್ತು.

"ಉಪ್ಪು ಕಮ್ಮಿಯಂತೆ. ನಿನ್ ಹೆಂಡ್ತಿ ಹೇಳಿದ್ದು. ಬೆಳ್ಳುಳ್ಳಿನೂ ಸಾಲದಂತೆ. ಈ ಮನೇಗೆ ಬಂದಾಗಿಂದ ಇದೇ ಕೈಯಲ್ಲಿ ಅಡುಗೆ ಮಾಡಿ ಹಾಕಿದೀನಿ, ನಿಮ್ಮಪ್ಪನೂ ಒಂದ್ ಮಾತು ಅಂದಿಲ್ಲ."

ಅಪ್ಪ ಸೊಪ್ಪು ಮುಟ್ಟುತ್ತಲೇ ಇರಲಿಲ್ಲ, ಅನ್ನುವುದಾದರೂ ಏನನ್ನು ಎಂದುಕೊಂಡು ನಾನು ಒಳಗೆ ಹೋದೆ. ಒಳಗೆ ದಾಕ್ಷಾಯಿಣಿ ಅತ್ತೆಯ ಎದುರು ಬಾಯಿ ತಪ್ಪಿ ಆಡಿಬಿಟ್ಟೆನಲ್ಲ ಎಂದು ಕೂತಲ್ಲೇ ಬೆವರುತ್ತಿದ್ದಳು. ಅವಳ ತೊಡೆಯ ಮೇಲಿದ್ದ ದವನ ಸೆರಗಿನ ಮೇಲೆ, ನೆಲದ ಮೇಲೆ, ತಟ್ಟೆಯ ಮೇಲೆ ಸೊಪ್ಪು ಉಗಿದಿದ್ದಳು. ಕೆನ್ನೆ ಬರಿದಾಗಿತ್ತು. ನಾನು ಮನೆಯಲ್ಲೇ ಇರಲಿಲ್ಲ, ಆದರೂ ಮಗು ಉಗಿದಿದೆ, ಎಂದರೆ ಅದು ಅಮ್ಮನ ನಾಲಿಗೆ. ಉಪ್ಪು ಕಡಿಮೆ ಎಂದು ಅವಳಿಗೂ ತಿಳಿದಿದೆ. ನನಗೆ ಕುಣಿಯುವಷ್ಟು ಸಂತೋಷವಾಗಿ, ನೆಲ ಒರೆಸುವ ಬಟ್ಟೆ ನಾನೇ ತಂದೆ.

ಅವ್ವನಿಗೆ ಹಟ ಹತ್ತಿತು. ಮಾರನೆಯ ದಿನ ಬೆಳ್ಳುಳ್ಳಿಯನ್ನು ಗಡ್ಡೆಗಟ್ಟಲೆ ಸುಲಿದಳು, ಹಸಿಮೆಣಸಿನಕಾಯಿ ಸುಟ್ಟು ರುಬ್ಬಿದಳು, ಮುದ್ದೆಯನ್ನು ಬೆಣ್ಣೆಯಂತೆ ತೊಳಸಿ ಕಟ್ಟಿದಳು. ಸೊಸೆಯ ಭುಜ ಹಿಡಿದು ಕೂರಿಸಿ, ಏಳಬೇಡ, ಹಾಲು ಉಕ್ಕಿದರೆ ಉಕ್ಕಲಿ, ಇದನ್ನು ತಿಂದು ಈಗ ಹೇಳು ಎಂದಳಂತೆ. ದಾಕ್ಷಾಯಿಣಿ ತಿಂದು, ಹುಳಿ ಸ್ವಲ್ಪ ಮುಂದಾಯಿತು ಎಂದಳಂತೆ. ಅವ್ವ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ, ಆದರೆ ಅಡುಗೆಯಲ್ಲಿ ಹುಳಿ ಇಳಿಯಿತು. ಅಲ್ಲಿಂದ ಮುಂದೆ ನಮ್ಮ ಮನೆಯ ಸಂಜೆ ಕುಸ್ತಿಯ ಅಖಾಡವಾಯಿತು. ಹೀರೇಕಾಯಿ ಬಲಿತಿದೆ, ಅಲಸಂದೆಕಾಳು ಬೆಂದಿಲ್ಲ, ಒಗ್ಗರಣೆಗೆ ಇಂಗು ಸಾಲದು ಎಂದು ದಾಕ್ಷಾಯಿಣಿ ಕೂತಲ್ಲಿಂದ ಹೇಳುವಳು. ಅವ್ವ ಸೌಟು ಹಿಡಿದು ನಿಂತು ಕೇಳಿಸಿಕೊಳ್ಳುವಳು, ಬೈಯುವಳು, ಮರುದಿನ ಸರಿಮಾಡುವಳು. ಒಂದು ದಿನ ಕೋಪದ ಭರದಲ್ಲಿ ಎಲ್ಲಿ ನೋಡೋಣ ಎಂದು ತಾನೂ ಒಂದು ತಟ್ಟೆ ಇಟ್ಟುಕೊಂಡು ಸೊಸೆಯ ಪಕ್ಕದಲ್ಲೇ ಕೂತುಬಿಟ್ಟಳಂತೆ. ಅವತ್ತು ಅವ್ವ ಎರಡು ಮುದ್ದೆ ಉಂಡಳು ಎಂದು ದಾಕ್ಷಾಯಿಣಿ ನನಗೆ ಗುಟ್ಟಾಗಿ ಹೇಳಿದಳು. ಬಿಸಿ ಇದ್ದರೆ ಬೇರೆಯೇ ಇರುತ್ತದೆ ಕಣೇ ಎಂದು ಅವ್ವ ಅಂದಳಂತೆ. ಅದನ್ನು ಕೇಳಿ ನನಗೆ ನಗು ಬರಲಿಲ್ಲ.

ದವನ ಮೊದಲು ಉಗಿದಳು, ಆಮೇಲೆ ಆರಿಸಿ ಉಗಿದಳು, ಆಮೇಲೆ ಒಂದೊಂದು ತುತ್ತು ನುಂಗಿದಳು. ನಾನು ಮನೆಯಲ್ಲಿ ಇಲ್ಲದಾಗ ಮಾತ್ರ. ನಾನು ಒಳಗೆ ಕಾಲಿಟ್ಟರೆ ಬಾಯಲ್ಲಿದ್ದದ್ದು ಹೊರಗೆ ಬರುತ್ತಿತ್ತು, ಅದಕ್ಕೇ ಅವ್ವ ಬಾಗಿಲಿಗೆ ಅಗುಳಿ ಹಾಕಿಸುತ್ತಿದ್ದಳು. ಹುಟ್ಟುಹಬ್ಬಕ್ಕೆ ಸ್ವಲ್ಪ ಮೊದಲು ಅಂಗನವಾಡಿಯಲ್ಲಿ ಪಟ್ಟಿ ಸುತ್ತಿದಾಗ ಹಸಿರಿನ ಅಂಚಿಗೆ ಬಂದಿತ್ತು. ಅಂಗಳದಲ್ಲಿ ಅವಳು ಓಡಲಿಲ್ಲ, ಆದರೆ ಗೋಡೆ ಬಿಟ್ಟು ನಡುವೆ ನಿಂತಿದ್ದಳು. ಟೀಚರ್ ಹೀಗೇ ಮುಂದುವರಿಸಿ ಎಂದರು. ಮುಂದುವರಿಸುವುದು ನಮ್ಮ ಕೈಯಲ್ಲಿ ಇರುವುದು ಹುಟ್ಟುಹಬ್ಬದ ತನಕ ಮಾತ್ರ ಎಂದು ಅವರಿಗೂ ಗೊತ್ತಿತ್ತು. ಅಮ್ಮನ ರುಚಿ ಅವಳಲ್ಲಿ ನಿಂತಿದೆಯೋ, ನನ್ನದು ಗೆದ್ದಿದೆಯೋ ಹೇಳುವವರಿರಲಿಲ್ಲ.

ಆ ಬೆಳಗ್ಗೆ ದವನಳಿಗೆ ಎಣ್ಣೆನೀರು ಹಾಕಿ ಹೊಸ ಲಂಗ ಉಡಿಸಿದರು. ನಾಲಿಗೆ ಬಿಡಿಸುವ ದಿನ ಅಪ್ಪ ಮನೆಯಲ್ಲೇ ಇರಬೇಕು ಎಂಬುದು ಕ್ರಮ, ಮಗುವಿನ ರುಚಿ ಅದರದೇ ಎಂದು ಆಗಲೇ ಖಾತ್ರಿಯಾಗುವುದು. ನಾನು ಗೋಡೆಗೆ ಒರಗಿ ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವ್ವ ದಂಟಿನ ಸೊಪ್ಪಿನ ಬಸ್ಸಾರು, ಪಲ್ಯ, ಮುದ್ದೆ ತಂದು ನಡುವೆ ಇಟ್ಟಳು. ಪಕ್ಕದಲ್ಲಿ ಒಂದು ಬಟ್ಟಲು ಖಾರಾಸೇವೆಯೂ ಇತ್ತು, ಅದನ್ನು ಇಟ್ಟದ್ದು ನಾನೇ, ಪರೀಕ್ಷೆ ನ್ಯಾಯವಾಗಿ ನಡೆಯಲಿ ಎಂದು. ಸೊಪ್ಪಿನ ವಾಸನೆ ಮೂಗಿಗೆ ಬಡಿದು ನನ್ನ ಬಾಯಿ ತನ್ನಷ್ಟಕ್ಕೆ ಕಿವುಚಿಕೊಂಡಿತು. ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಉಸಿರು ಹಿಡಿದೆ.

ದವನ ಮೊದಲು ಒಂದು ಹಿಡಿ ಖಾರಾಸೇವೆ ತಿಂದಳು. ಆಮೇಲೆ ಆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅಮ್ಮನ ತಟ್ಟೆಗೆ ಹಾಕಿ ಪಲ್ಯವನ್ನು ಬಾಚಿ ಬಾಯಿಗೆ ತುಂಬಿದಳು. ಅಗಿದಳು. ಕೆನ್ನೆ ಉಬ್ಬಿತು, ಇಳಿಯಿತು. ಉಪ್ಪು, ಎಂದು ಅಜ್ಜಿಗೆ ಹೇಳಿದಳು. ಅವ್ವ ಬಾಯಿ ಮುಚ್ಚಿಕೊಂಡು ಉಪ್ಪು ಹಾಕಿದಳು. ಅಲ್ಲಿಂದ ಮುಂದೆ ತಾಯಿ ಮಗಳಿಗೆ ನಾನೊಬ್ಬ ಇದ್ದೇನೆ ಎಂಬ ಅರಿವೇ ಇರಲಿಲ್ಲ. ದಾಕ್ಷಾಯಿಣಿ ಮುದ್ದೆ ಮುರಿದು ಸಾರಿನಲ್ಲಿ ಅದ್ದುವಳು, ದವನ ಅದನ್ನು ಕಸಿಯುವಳು, ದಾಕ್ಷಾಯಿಣಿ ಇನ್ನೊಂದು ಮುರಿಯುವಳು. ಪಲ್ಯದ ಕೊನೆಯ ತುತ್ತಿಗೆ ಇಬ್ಬರ ಬೆರಳೂ ಒಟ್ಟಿಗೆ ಬಿದ್ದವು. ಕೂಸು ಎಂದು ಬಿಟ್ಟುಕೊಡದೆ ದಾಕ್ಷಾಯಿಣಿ ಅರ್ಧ ತಾನೇ ತಿಂದಳು. ನನ್ನ ಕಣ್ಣು ತುಂಬಿತು, ಬೆಳ್ಳುಳ್ಳಿಯ ಘಾಟು ಎಂದು ಅವ್ವನಿಗೆ ಸುಳ್ಳು ಹೇಳಿದೆ.

ಆಮೇಲೆ ದಾಕ್ಷಾಯಿಣಿ ನನ್ನ ಕಡೆ ನೋಡಿದಳು. ನನ್ನ ತೊಡೆಯ ಮೇಲಿನ ತಟ್ಟೆ ನೋಡಿದಳು, ಪಾತ್ರೆಯೊಳಕ್ಕೆ ಬಗ್ಗಿ ನೋಡಿದಳು.

"ನಿಮಗೇನೂ ಉಳೀಲಿಲ್ವಲ್ರೀ" ಎಂದಳು.

ಎದ್ದು ಏನಾದರೂ ಮಾಡಿಕೊಡುತ್ತೇನೆ ಎನ್ನಲಿಲ್ಲ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತಾ, ಕೂತೇ ಇದ್ದಳು.